ಮೂರು ಪೆಡಲ್, ಒಂದೂ ಆಕ್ಸಿಲರೇಟರ್ ಅಲ್ಲ

16 ಜುಲೈ 2023, ಭಾನುವಾರ
ಡಿಯರ್‌ಬಾರ್ನ್, ಮಿಷಿಗನ್

ಗ್ರೀನ್‌ಫೀಲ್ಡ್ ವಿಲೇಜ್ ಅನ್ನೋ ಬಯಲು ಮ್ಯೂಸಿಯಂನಲ್ಲಿ ಇವತ್ತು ಹಳೇ ಕಾಲದ ಫೋರ್ಡ್ ಮಾಡೆಲ್ ಟಿ ಕಾರಲ್ಲಿ ಒಂದು ಸುತ್ತು ಹಾಕಿ ಬಂದೆವು. ಮಕ್ಕಳು ಹಿಂದೆ, ನಾನು ಮುಂದೆ. ಸುತ್ತಮುತ್ತ ನೋಡೋದು ಬಿಟ್ಟು ಡ್ರೈವರ್ ಕಾಲನ್ನೇ ನೋಡ್ತಾ ಕೂತಿದ್ದೆ.

ಕೆಳಗೆ ಮೂರು ಪೆಡಲ್ ಇವೆ, ಆದರೆ ನಮ್ಮ ಕಾರಿನ ಲೆಕ್ಕ ಇಲ್ಲಿ ನಡೆಯಲ್ಲ. ಎಡಗಡೆಯದನ್ನು ಪೂರ್ತಿ ಒತ್ತಿದರೆ ಲೋ ಗೇರ್, ಅರ್ಧಕ್ಕೆ ಬಿಟ್ಟರೆ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಮುಂದೆ ತಳ್ಳಿ ಪೂರ್ತಿ ಬಿಟ್ಟರೆ ಹೈ. ನಡುವಿನದು ರಿವರ್ಸ್. ಬಲಗಡೆಯದು ಬ್ರೇಕ್, ಅದೂ ಚಕ್ರಕ್ಕಲ್ಲ, ಗೇರ್‌ಬಾಕ್ಸ್ ಒಳಗಿನ ಡ್ರಮ್‌ಗೆ. ಆಕ್ಸಿಲರೇಟರ್ ಸ್ಟಿಯರಿಂಗ್ ಕೆಳಗೆ ಬಲಕ್ಕೆ, ಒಂದು ಸಣ್ಣ ಲಿವರ್. ಎಡಕ್ಕಿರುವ ಲಿವರ್ ಸ್ಪಾರ್ಕ್ (ಪೆಟ್ರೋಲ್ ಹೊತ್ತಿಸೋ ಕಿಡಿ) ಬೇಗ ಬರಬೇಕಾ ತಡವಾಗಿ ಬರಬೇಕಾ ಅಂತ ಹೊಂದಿಸೋಕೆ. ಸ್ಪಾರ್ಕ್ ತಡ ಮಾಡೋದು ಮರೆತು ಎಂಜಿನ್ ಶುರು ಮಾಡೋಕೆ ಕಾರಿನ ಮುಂದಿನ ಹ್ಯಾಂಡಲ್ ತಿರುಗಿಸಿದರೆ ಎಂಜಿನ್ ವಾಪಸ್ ಒದೆಯುತ್ತೆ, ಆಗೆಲ್ಲ ಕೈ ಮುರಿದುಕೊಂಡವರು ಬೇಕಾದಷ್ಟು ಜನ. ಎಲೆಕ್ಟ್ರಿಕ್ ಸ್ಟಾರ್ಟರ್ ಬಂದದ್ದು 1919ರಲ್ಲಿ.

ವಿಚಿತ್ರ ಅಲ್ವಾ? ನನಗೇನೋ ಇದು ಜಾಣತನ ಅನ್ನಿಸಿತು. 1908ರಲ್ಲಿ ಇದನ್ನು ಕೊಂಡವರಲ್ಲಿ ಎಷ್ಟೋ ಜನ ಅದುವರೆಗೆ ಕುದುರೆಗಾಡಿ ಬಿಟ್ಟು ಬೇರೇನೂ ಓಡಿಸಿದವರಲ್ಲ. ಆ ಕಾಲದ ಬೇರೆ ಕಾರುಗಳಲ್ಲಿ ಗೇರ್ ಹಾಕೋದೇ ಒಂದು ಯುದ್ಧ, ಹಲ್ಲಿಗೆ ಹಲ್ಲು ಉಜ್ಜಿ ಕರಕರ ಸದ್ದು. ಇಲ್ಲಿರೋದು ಪ್ಲಾನೆಟರಿ ಗೇರ್, ಅಂದರೆ ನಡುವಿನ ಗೇರಿನ ಸುತ್ತ ಸಣ್ಣ ಗೇರುಗಳು ಸುತ್ತೋ ಏರ್ಪಾಡು. ಹಲ್ಲುಗಳು ಯಾವಾಗಲೂ ಕೂಡಿಕೊಂಡೇ ಇರುತ್ತವೆ, ಪೆಡಲ್ ಒತ್ತಿದರೆ ಒಂದು ಪಟ್ಟಿ ಡ್ರಮ್ಮನ್ನು ಬಿಗಿಹಿಡಿಯುತ್ತೆ, ಅಷ್ಟೇ. ಇವತ್ತಿನ ಎಷ್ಟೋ ಆಟೋಮ್ಯಾಟಿಕ್ ಕಾರುಗಳಲ್ಲೂ ಪ್ಲಾನೆಟರಿ ಗೇರೇ ಇರೋದು.

ಎಂಜಿನ್ 2.9 ಲೀಟರ್, ಶಕ್ತಿ ಮಾತ್ರ 20 ಎಚ್‌ಪಿ. 4 ಸಿಲಿಂಡರ್‌ಗಳನ್ನೂ ಒಂದೇ ಎರಕದಲ್ಲಿ ಹೊಯ್ದು, ಹೆಡ್ (ಮೇಲಿನ ಮುಚ್ಚಳ) ಬೇರೆ ಬಿಚ್ಚೋ ಹಾಗೆ ಮಾಡಿದ್ದಾರೆ. ಎಂಜಿನ್ ತಣ್ಣಗಿಡೋ ನೀರಿಗೆ ಪಂಪ್ ಇಲ್ಲ (ಮೊದಮೊದಲ ಕಾರುಗಳಲ್ಲಿ ಇತ್ತು). ಬಿಸಿ ನೀರು ತಾನೇ ಮೇಲೇರಿ ರೇಡಿಯೇಟರ್‌ಗೆ ಹೋಗುತ್ತೆ, ತಣ್ಣಗಾದದ್ದು ಕೆಳಗಿನಿಂದ ಎಂಜಿನ್‌ಗೆ ಬರುತ್ತೆ. ಪೆಟ್ರೋಲಿಗೂ ಪಂಪ್ ಇಲ್ಲ. ಟ್ಯಾಂಕ್ ಮುಂದಿನ ಸೀಟಿನಡಿ, ಅಲ್ಲಿಂದ ಸುಮ್ನೆ ಇಳಿದು ಬರಬೇಕು. ಹಾಗಾಗಿ ಟ್ಯಾಂಕ್‌ನಲ್ಲಿ ಪೆಟ್ರೋಲ್ ಕಡಿಮೆ ಇದ್ದು ಏರು ಕಡಿದಾಗಿದ್ದರೆ ಎಂಜಿನ್‌ಗೆ ಪೆಟ್ರೋಲ್ ಸಿಗದೆ ಗಾಡಿ ನಿಂತುಬಿಡುತ್ತಿತ್ತು, ಜನ ತಿರುಗಿಸಿಕೊಂಡು ರಿವರ್ಸ್‌ನಲ್ಲೇ ಗುಡ್ಡ ಹತ್ತುತ್ತಿದ್ದರು! ರಿವರ್ಸ್ ಗೇರ್‌ಗೆ ಎಳೆಯೋ ಬಲವೂ ಜಾಸ್ತಿ.

ಮಾಡೆಲ್ ಟಿ ಕಪ್ಪು ಬಣ್ಣದಲ್ಲಿ ಮಾತ್ರ ಸಿಗುತ್ತಿತ್ತು ಅನ್ನೋ ಕತೆ ಎಲ್ಲರಿಗೂ ಗೊತ್ತು, ಆದರೆ ಅದು 1914ರಿಂದ 1925ರವರೆಗೆ ಮಾತ್ರ. ಅದಕ್ಕೆ ಮುಂಚೆ ಬೇರೆ ಬಣ್ಣಗಳೂ ಇದ್ದವು.

ಇಳಿಯುವಾಗ ಮಗ ಡ್ರೈವರ್ ಕಡೆಯ ಬಾಗಿಲಿಗೆ ಹ್ಯಾಂಡಲ್ ಹುಡುಕುತ್ತಿದ್ದ. ನಾವು ಕೂತ ಕಾರಲ್ಲಿ ಆ ಕಡೆ ಬಾಗಿಲೇ ಇಲ್ಲ, ತಗಡಿನಲ್ಲಿ ಬಾಗಿಲಿನ ಆಕಾರ ಒತ್ತಿದ್ದಾರೆ. ಹ್ಯಾಂಡ್ ಬ್ರೇಕ್ ಅಲ್ಲೇ ಅಡ್ಡ ಇರೋದರಿಂದ ಬಾಗಿಲಿದ್ದರೂ ಕಷ್ಟವೇ. ನಾನು ಬಲಗಡೆಯಿಂದ ಇಳಿದು ಜಾಗ ಬಿಟ್ಟ ಮೇಲೆ ಡ್ರೈವರ್ ಜರುಗಿಕೊಂಡು ಬಂದು ಇಳಿದರು.