ಸ್ಟಾರ್‌ಡ್ಯೂ ವ್ಯಾಲಿ ಲಾಗ್: ಸ್ಟ್ರೀಮ್ ನೋಡದೆ ಎರಡನೇ ತೋಟ

ಸ್ಟಾರ್‌ಡ್ಯೂ ವ್ಯಾಲಿ ಅನ್ನೋ ಕಂಪ್ಯೂಟರ್ ಆಟದಲ್ಲಿ ನನ್ನ ಮೊದಲನೇ ತೋಟ ಬಿಟ್ಟು ಇವತ್ತಿಗೆ ಆರು ವಾರ. ಆ ತೋಟದಲ್ಲಿ ದುಡ್ಡಿಗೆ ಕೊರತೆ ಇರಲಿಲ್ಲ. ನೀರು ಹಾಕೋಕೆ ಸ್ಪ್ರಿಂಕ್ಲರ್ ಇತ್ತು, ಕೊಟ್ಟಿಗೆ ತುಂಬ ದನ ಇತ್ತು. ಆದರೂ ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆಗೆಯೋಕೆ ಮನಸ್ಸು ಬರುತ್ತಿರಲಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಸ್ಟಾರ್‌ಡ್ಯೂ ವ್ಯಾಲಿ 2016ರ ಫೆಬ್ರವರಿಯಲ್ಲಿ ಬಂತು. ಎರಿಕ್ ಬರೋನ್ ಒಬ್ಬರೇ ಕೂತು ಚಿತ್ರ, ಸಂಗೀತ, ಮಾತು ಎಲ್ಲವನ್ನೂ ನಾಲ್ಕೂವರೆ ವರ್ಷದಲ್ಲಿ ಮಾಡಿದರು. ಆಟದಲ್ಲಿ ನೀವು ಪಟ್ಟಣದ ಕೆಲಸ ಬಿಟ್ಟು ಅಜ್ಜನ ಪಾಳು ತೋಟಕ್ಕೆ ಬರುತ್ತೀರಿ. ಕೈಯಲ್ಲಿ 500 ಚಿನ್ನ, 15 ಪಾರ್ಸ್ನಿಪ್ (ಬಿಳಿ ಕ್ಯಾರೆಟ್‌ನಂಥ ಗೆಡ್ಡೆ) ಬೀಜ. ಒಂದು ಋತುವಿಗೆ 28 ದಿನ. ಆಟದ ಒಂದು ದಿನ ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 14 ನಿಮಿಷ. ಅವಸರ ಇಲ್ಲದೆ ಆಡಲಿ ಅಂತಲೇ ಮಾಡಿದ ಆಟ ಇದು.

ಅವಸರ ತಂದುಕೊಂಡಿದ್ದು ನಾನು. ದಿನಾ ಎರಡು ಗಂಟೆ ಸ್ಟ್ರೀಮ್, ಅಂದರೆ ಬೇರೆಯವರು ಆಡೋದನ್ನು ಇಂಟರ್‌ನೆಟ್‌ನಲ್ಲಿ ತೋರಿಸೋ ವಿಡಿಯೊ ನೋಡುತ್ತಿದ್ದೆ, ಆಮೇಲೆ ಒಂದು ಗಂಟೆ ಆಡುತ್ತಿದ್ದೆ. ಸ್ಟ್ರೀಮ್‌ನಲ್ಲಿ ವಸಂತದ 13ನೇ ದಿನಕ್ಕೆ ಎಲ್ಲರ ಲೆಕ್ಕವೂ ಒಂದೇ. ಅವತ್ತು ಮೊಟ್ಟೆ ಹಬ್ಬ, ಸ್ಟ್ರಾಬೆರಿ ಬೀಜ ಸಿಗುತ್ತದೆ, ಒಂದಕ್ಕೆ 100 ಚಿನ್ನ. ಅದೇ ರಾತ್ರಿ ನೆಟ್ಟು ನೀರು ಹಾಕಿದರೆ ಎಂಟು ದಿನಕ್ಕೆ ಮೊದಲ ಹಣ್ಣು, ಆಮೇಲೆ ನಾಲ್ಕು ದಿನಕ್ಕೊಮ್ಮೆ. ವಸಂತ ಮುಗಿಯೋದರೊಳಗೆ ಎರಡು ಕೊಯ್ಲು. ಹಾಗಾಗಿ ಮೊದಲ ವಾರ ಪೂರ್ತಿ ಮೀನು ಹಿಡಿದು ದುಡ್ಡು ಮಾಡಬೇಕು. ನಾನೂ ಹಿಡಿದೆ. ನನಗೆ ಮೀನು ಹಿಡಿಯೋದು ಒಂಚೂರೂ ಇಷ್ಟ ಇಲ್ಲ.

ಇನ್ನೊಂದು ಅಭ್ಯಾಸ ಇದಕ್ಕಿಂತ ಕೆಟ್ಟದ್ದು. ಈ ಆಟ ಸೇವ್ ಆಗೋದು ರಾತ್ರಿ ಮಲಗಿದಾಗ ಮಾತ್ರ. ಮಧ್ಯದಲ್ಲಿ ಮುಚ್ಚಿದರೆ ಆ ದಿನ ನಡೆದೇ ಇಲ್ಲ. ಬುಧವಾರ ಬೀಜ ಮಾರೋ ಪಿಯರ್‌ನ ಅಂಗಡಿ ರಜೆ ಅನ್ನೋದು ಮರೆತು ಬೀಜ ತರೋಕೆ ಹೋದೆನಾ, ಆಟ ಮುಚ್ಚಿ ಮತ್ತೆ ಬೆಳಿಗ್ಗೆ 6ರಿಂದ ಶುರು. ಒಂದೇ ಬುಧವಾರವನ್ನು ಮೂರು ಸಲ ಆಡಿದ್ದೇನೆ. ಊರಾಚೆ ಡೇರೆಯಲ್ಲಿ ಇರುವ ಲೈನಸ್‌ಗೆ ತೆಂಗಿನಕಾಯಿ ಅಂದರೆ ಪ್ರಾಣ ಅನ್ನೋದು ಅವನನ್ನು ಮಾತಾಡಿಸೋ ಮೊದಲೇ ನನಗೆ ಗೊತ್ತಿತ್ತು. ಯಾರನ್ನೂ ಹೊಸದಾಗಿ ಪರಿಚಯ ಮಾಡಿಕೊಳ್ಳೋ ಸುಖವೇ ಉಳಿದಿರಲಿಲ್ಲ.

ವಾರ 1. ಹೊಸ ಸೇವ್, ಅಂದರೆ ಮೊದಲಿನಿಂದ ಎರಡನೇ ತೋಟ. ಸ್ಟ್ರೀಮ್ ಇಲ್ಲ, ಆಟದ ವಿವರ ಇರೋ ವಿಕಿ ಪುಟ ಇಲ್ಲ. ಕೈ ಸುಮ್ನೆ ಫೋನ್ ಕಡೆ ಹೋಗುತ್ತಿತ್ತು. 15 ಬೀಜ ಬಾಗಿಲ ಮುಂದೆಯೇ ನೆಟ್ಟೆ. ಮೂರನೇ ದಿನ ಮಳೆ. ನೀರು ಹಾಕೋ ಕೆಲಸ ಇಲ್ಲ. ಮುಂಚೆ ಆಗಿದ್ದರೆ ದಿನ ಉಳಿಯಿತು ಅಂತ ಮೀನು ಹಿಡಿಯೋಕೆ ಓಡುತ್ತಿದ್ದೆ. ಈ ಸಲ ಮಡಿಯ ಪಕ್ಕ ನಿಂತೆ. ಒದ್ದೆ ಮಣ್ಣಿನ ಬಣ್ಣ ಗಾಢ ಆಗಿತ್ತು. ಹೆಡ್‌ಫೋನ್‌ನಲ್ಲಿ ಹನಿ ಬೀಳೋ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಈ ಸದ್ದನ್ನು ನಾನು ಎಷ್ಟೋ ಗಂಟೆ ಆಡಿದ್ದರೂ ಕೇಳಿರಲಿಲ್ಲ. ಸ್ಟ್ರೀಮ್‌ನಲ್ಲಿ ಅದರ ಮೇಲೆ ಯಾವಾಗಲೂ ಯಾರದ್ದೋ ಮಾತು ಇರುತ್ತಿತ್ತು.

ವಾರ 2. ಮೊಟ್ಟೆ ಹಬ್ಬಕ್ಕೆ ಹೋದಾಗ ಆರು ಸ್ಟ್ರಾಬೆರಿ ಬೀಜಕ್ಕಾಗುವಷ್ಟೇ ದುಡ್ಡಿತ್ತು. ಆರನ್ನೇ ತಂದೆ. ಸಾಕಾಯಿತು.

ಆದರೆ ಒಂದು ವಿಷಯ ಮಾತ್ರ ಸರಿಹೋಗಲಿಲ್ಲ. ಒಮ್ಮೆ ತಿಳಿದದ್ದು ಮರೆಯೋಕೆ ಆಗಲ್ಲ ಅಲ್ವಾ? ಯಾವ ಬೆಳೆಗೆ ಎಷ್ಟು ದಿನ ಅನ್ನೋದು ತಲೆಯಲ್ಲಿ ಕೂತುಬಿಟ್ಟಿದೆ. ಎರಡನೇ ತೋಟ ಶಾಂತವಾಗಿತ್ತು, ಆದರೆ ಪೂರ್ತಿ ಹೊಸದಾಗಲಿಲ್ಲ.

ವಾರ 4. ತಂಗಿ ರಜೆಗೆ ಬಂದಿದ್ದಾಳೆ. ಇದೇ ಲ್ಯಾಪ್‌ಟಾಪ್‌ನಲ್ಲಿ ಅವಳದ್ದೂ ಒಂದು ತೋಟ ಶುರುವಾಯಿತು. ಅವಳು ಒಂದು ಸ್ಟ್ರೀಮ್ ಕೂಡ ನೋಡಿದವಳಲ್ಲ. ಮಡಿ ವಕ್ರ, ಬೀಜ ನೆಟ್ಟ ಕಡೆ ದಾರಿ ಇಲ್ಲ. "ಅಲ್ಲಿ ಬೇಡ ಕಣೇ" ಅಂತ ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಒಂದು ರಾತ್ರಿ ಅವಳು ಊರೊಳಗೆ ಹೋಗುವಾಗ ಲೈನಸ್ ಕಸದ ಡಬ್ಬಿಯಲ್ಲಿ ಊಟ ಹುಡುಕುವ ದೃಶ್ಯ ಬಂತು. ತುಂಬಾ ಹೊತ್ತು ಮಾತಾಡಲಿಲ್ಲ. ಮರುದಿನ ದಾರಿಯಲ್ಲಿ ಸಿಕ್ಕ ಡ್ಯಾಫೋಡಿಲ್ ಹೂ ಒಂದನ್ನು ಡೇರೆವರೆಗೆ ನಡೆದುಕೊಂಡು ಹೋಗಿ ಕೊಟ್ಟಳು. ತೆಂಗಿನಕಾಯಿ ವಿಷಯ ನಾನು ಹೇಳಲಿಲ್ಲ.

ವಾರ 6. ನಿನ್ನೆ ಅವಳ ತೋಟದಲ್ಲಿ ಬೇಸಿಗೆಯ 28ನೇ ದಿನ. ರಾತ್ರಿ 10ರ ಮೇಲೆ ಊರಿನವರೆಲ್ಲ ಕಡಲ ದಡಕ್ಕೆ ಬರುತ್ತಾರೆ. ಮೇಣದಬತ್ತಿ ಇಟ್ಟ ಪುಟ್ಟ ದೋಣಿಯನ್ನು ನೀರಿಗೆ ಬಿಡುತ್ತಾರೆ. ಆ ಬೆಳಕಿಗೆ ಲೋಳೆಮೀನುಗಳು ನೀಲಿಯಾಗಿ ಮಿನುಗುತ್ತಾ ಬರುತ್ತವೆ. ಇದನ್ನು ನಾನು ಮೊದಲು ನೋಡಿದ್ದು ಬೇರೆಯವರ ಸ್ಟ್ರೀಮ್‌ನಲ್ಲಿ, ಎರಡು ಪಟ್ಟು ವೇಗದಲ್ಲಿ. ನನ್ನ ಮೊದಲನೇ ತೋಟದಲ್ಲಿ ಬಂದಾಗ ಏನೂ ಅನ್ನಿಸಿರಲಿಲ್ಲ. ನಿನ್ನೆ ತಂಗಿ ಕೀಬೋರ್ಡ್‌ನಿಂದ ಕೈ ತೆಗೆದು, "ಅಣ್ಣಾ, ಕಾರ್ತಿಕದಲ್ಲಿ ಹೊಳೆಗೆ ದೀಪ ಬಿಟ್ಟ ಹಾಗೇ ಇದೆ ನೋಡೋ" ಅಂದಳು. ನನಗೆ ಗಂಟಲು ಕಟ್ಟಿತು. ಆ ಹಬ್ಬವನ್ನು ನಾನೂ ನಿನ್ನೆಯೇ ಮೊದಲ ಸಲ ನೋಡಿದ ಹಾಗಾಯಿತು.

ಅಲ್ಲಿಂದ ನನಗೊಂದು ನಿಯಮ ಸಿಕ್ಕಿದೆ. ಆಡುವವರು ನನಗಿಂತ ಹಿಂದೆ ಇದ್ದರೆ ನೋಡುತ್ತೇನೆ, ಮುಂದೆ ಇದ್ದರೆ ನೋಡಲ್ಲ. ವೇಗವಾಗಿ ಆಡುವವರ ಮೇಲೆ ನನಗೆ ಬೇಸರ ಇಲ್ಲ. ಅವರ ಕೈಚಳಕ ನಿಜಕ್ಕೂ ದೊಡ್ಡದು. ನಾನು ಅದನ್ನೇ ಅಳತೆಗೋಲು ಮಾಡಿಕೊಂಡಿದ್ದೆ ಅಷ್ಟೇ. ಆನಿಮಲ್ ಕ್ರಾಸಿಂಗ್ ಅನ್ನೋ ಇನ್ನೊಂದು ಆಟದಲ್ಲೂ ಇದೇ ಆಗಿತ್ತು. ಬೇರೆಯವರು ಸಿಂಗರಿಸಿದ ದ್ವೀಪ ನೋಡಿ ನೋಡಿ ನನ್ನ ದ್ವೀಪಕ್ಕೆ ಹೋಗೋದೇ ನಿಲ್ಲಿಸಿದ್ದೆ.

ಈಗ ಮತ್ತೆ ಒಬ್ಬರ ಸ್ಟ್ರೀಮ್ ನೋಡಲು ಶುರು ಮಾಡಿದ್ದೇನೆ. ಮೊದಲ ವಸಂತ ಆಡುತ್ತಿದ್ದಾರೆ, ಪ್ರತಿ ಪತ್ರವನ್ನೂ ಜೋರಾಗಿ ಓದುತ್ತಾರೆ. ಸಲಹೆ ಕೊಡಬೇಡಿ ಅಂತ ಚಾಟ್‌ನಲ್ಲಿ ಮೊದಲೇ ಹೇಳಿದ್ದಾರೆ. ನನ್ನ ಆಟ ಮುಗಿಸಿ, ಮಲಗೋ ಮುಂಚೆ ಅರ್ಧ ಗಂಟೆ ಮಾತ್ರ ನೋಡುತ್ತೇನೆ.

ನನ್ನ ತೋಟದಲ್ಲಿ ನಾಳೆಯಿಂದ ಶರತ್ಕಾಲ. ಕುಂಬಳಕಾಯಿ ಹಾಕಬೇಕು ಅಂತಿದ್ದೇನೆ. ತಂಗಿಗೆ ಇನ್ನೂ ನಾಲ್ಕು ದಿನ ರಜೆ ಇದೆ, ಲ್ಯಾಪ್‌ಟಾಪ್ ಅವಳ ಕೈಯಲ್ಲೇ ಇದೆ.