ಉಗ್ರಾಣದ ತಕ್ಕಡಿ

1970ರ ಜೂನ್ ತಿಂಗಳ ಒಂದು ಮಳೆಯ ಮಧ್ಯಾಹ್ನ, ತಗಡಿನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತ ಅಪ್ಪನ ಹಿಂದೆ ನಾನು ನಮ್ಮ ಶಾಲೆಯ ಬೋರ್ಡಿಂಗಿನ ಮೆಟ್ಟಿಲು ಹತ್ತಿದೆ. ಎಂಟನೆಯ ತರಗತಿಯಿಂದ ಎಸ್ಸೆಸ್ಸೆಲ್ಸಿಯವರೆಗೆ ಮೂರು ವರ್ಷ ಅಲ್ಲಿದ್ದೆ. ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಸಂಪಾದಕರು ಕೇಳಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ತರಗತಿಯೂ ಅಲ್ಲ, ಆಟದ ಬಯಲೂ ಅಲ್ಲ. ಅಡುಗೆಮನೆಗೆ ತಾಗಿದ್ದ ಉಗ್ರಾಣದ ಕತ್ತಲೆಕೋಣೆ ಮತ್ತು ಅದರ ಜಂತಿಗೆ ತೂಗುಹಾಕಿದ್ದ ತಕ್ಕಡಿ.

ಆಗಿನ ನಮ್ಮ ವಾರ್ಡನ್ ಮಾಸ್ಟ್ರು ಗಣಿತ ಕಲಿಸುತ್ತಿದ್ದರು. ದೇವರ ವಿಷಯವನ್ನು ಅವರು ಮಾತನಾಡುತ್ತಿದ್ದದ್ದು ಕಡಿಮೆ. ಸಂಜೆಯ ಪ್ರಾರ್ಥನೆಯಲ್ಲಿ ಒಂದು ಅಧ್ಯಾಯ ಓದಿ, ಎರಡು ಮಾತು ಹೇಳಿ, ಜರ್ಮನ್ ರಾಗದ ಒಂದು ಕನ್ನಡ ಕೀರ್ತನೆಯನ್ನು ನಮ್ಮಿಂದ ಹಾಡಿಸಿ ಮುಗಿಸುತ್ತಿದ್ದರು. ಆದರೆ ಉಗ್ರಾಣದ ಲೆಕ್ಕವನ್ನು ಅವರು ನೋಡುತ್ತಿದ್ದ ರೀತಿ ಬೇರೆ. ಪ್ರತಿ ಶನಿವಾರ ಚೀಲಗಳನ್ನು ಮತ್ತೆ ತೂಗಿಸಿ, ಪುಸ್ತಕದ ಬಾಕಿಯೊಂದಿಗೆ ಹೋಲಿಸಿ, ನೂರು ಗ್ರಾಂ ವ್ಯತ್ಯಾಸ ಬಂದರೂ ಕಾರಣವನ್ನು ಬರೆಯಿಸುತ್ತಿದ್ದರು. ಇಲಿ ತಿಂದಿತು ಎಂದರೆ ಇಲಿಯ ಹೆಸರಿನಲ್ಲಿಯೇ ಖರ್ಚು ಬೀಳುತ್ತಿತ್ತು. ನಮಗೆಲ್ಲ ಅದು ಜಿಪುಣತನವೆಂದೇ ಕಾಣುತ್ತಿತ್ತು.

ಒಂಬತ್ತನೆಯ ತರಗತಿಯಲ್ಲಿ ಉಗ್ರಾಣದ ಬೀಗದ ಕೈ ನನ್ನ ಪಾಲಿಗೆ ಬಂತು. ಬೆಳಗ್ಗಿನ ಗಂಜಿಗೆ ಕುಚ್ಚಲಕ್ಕಿ, ಕಾಫಿಗೆ ಬೆಲ್ಲ, ಇವಿಷ್ಟನ್ನು ತೂಗಿ ಅಡುಗೆಯವರಿಗೆ ಕೊಡುವುದು ನನ್ನ ಕೆಲಸ. ಬೆಲ್ಲದ ಅಚ್ಚನ್ನು ಒಡೆಯುವಾಗ ಒಂದು ಚೂರು ನನ್ನ ಚಡ್ಡಿಯ ಜೇಬಿಗೆ ಇಳಿಯುವುದು ವಾರದೊಳಗೆ ಅಭ್ಯಾಸವಾಯಿತು. ಲೆಕ್ಕ ತಪ್ಪದಿರಲೆಂದು ಬೆಲ್ಲದ ತಟ್ಟೆಯ ಅಡಿಗೆ ಹುಣಸೆಹಣ್ಣಿನ ಸಣ್ಣ ಮುದ್ದೆಯನ್ನು ಅಂಟಿಸಿದೆ. ಅದನ್ನು ಯಾರೂ ಕಲಿಸಿಕೊಟ್ಟದ್ದಲ್ಲ. ಇಂಥ ವಿದ್ಯೆಗೆ ಗುರು ಬೇಕಾಗುವುದಿಲ್ಲವೇನೋ. ಕೆಲವು ವಾರ ಎಲ್ಲವೂ ಸರಿಯಾಗಿ ನಡೆಯಿತು, ಹುಡುಗರ ಕಾಫಿ ಸಪ್ಪೆಯಾಯಿತು ಎಂಬುದನ್ನು ಬಿಟ್ಟರೆ.

ಒಂದು ಬೆಳಿಗ್ಗೆ ಮಾಸ್ಟ್ರು ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಂದು ತಟ್ಟೆಯನ್ನು ಬೆರಳಿನಿಂದ ಮೇಲಕ್ಕೆತ್ತಿ, ಅಡಿಯನ್ನು ಸವರಿ, ಬೆರಳಿಗೆ ಅಂಟಿದ ಹುಣಸೆಹಣ್ಣನ್ನು ಮೂಸಿ ನೋಡಿದರು. ಬೆತ್ತ ಬೀಳುತ್ತದೆಂದು ನಾನು ಕೈ ಚಾಚಿದೆ. ಅವರು, "ಜೇಬಿನಲ್ಲಿರುವುದನ್ನು ತೂಗು" ಎಂದರು, ಅಷ್ಟೆ. ಅರವತ್ತು ಗ್ರಾಂ ಇತ್ತು. ಸ್ಟಾಕ್ ಪುಸ್ತಕವನ್ನು ತೆರೆಯಿಸಿ ಜಮೆಯ ಅಂಕಣದಲ್ಲಿ ನನ್ನ ಕೈಯಿಂದಲೇ ಬರೆಯಿಸಿದರು: "ಬೆಲ್ಲ, 60 ಗ್ರಾಂ, ನನ್ನ ಜೇಬಿನಿಂದ ಬಂದದ್ದು." ಕೆಳಗೆ ತಾವು ಸಹಿ ಹಾಕಿದರು. ಆಮೇಲೆ ಬೀಗದ ಕೈಯನ್ನು ಹಿಂದಕ್ಕೆ ಕೇಳುತ್ತಾರೆಂದು ಕಾದೆ. ಕೇಳಲಿಲ್ಲ. ವರ್ಷ ಮುಗಿಯುವವರೆಗೂ ಅದು ನನ್ನ ಬಳಿಯೇ ಇತ್ತು; ಆ ಪುಟವೂ ಅದೇ ಪುಸ್ತಕದಲ್ಲಿತ್ತು, ಹಳೆಯ ಬಾಕಿ ನೋಡಲು ತಿರುವಿದಾಗಲೆಲ್ಲ ಕಣ್ಣಿಗೆ ಬೀಳುತ್ತಿತ್ತು.

ಆ ವಾರದ ಪ್ರಾರ್ಥನೆಯಲ್ಲಿ ಅವರು ಲೂಕನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯ ಓದಿದರು. ಸುಂಕದವರಲ್ಲಿ ಇಬ್ಬರನ್ನು ನೀವು ಬಲ್ಲಿರಿ, ಎಂದರು. ಸುಂಕದ ಕಟ್ಟೆಯಲ್ಲಿ ಕೂತಿದ್ದ ಮತ್ತಾಯನನ್ನು ಯೇಸು ಕರೆದಾಗ ಅವನು ಎದ್ದು ಹಿಂದೆ ಹೋದ. ಯೆರಿಕೋವಿನ ಜಕ್ಕಾಯನಾದರೋ ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವೆನೆಂದ, ಅನ್ಯಾಯವಾಗಿ ವಸೂಲು ಮಾಡಿದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವೆನೆಂದ. ಆದರೆ ಕೆಲಸ ಬಿಟ್ಟನೆಂದು ಅಲ್ಲಿ ಬರೆದಿಲ್ಲ. ಮರುದಿನ ಅವನು ಅದೇ ಕಟ್ಟೆಗೆ ಹೋಗಿ, ಅದೇ ಜನರ ಎದುರಿಗೆ ಕೂತಿರಬೇಕು. ಮತ್ತಾಯನ ಮೇಲೆ ಪ್ರಸಂಗಗಳು ಬಹಳ ಇವೆ, ನಿಮ್ಮಲ್ಲಿ ಹೆಚ್ಚಿನವರು ಜಕ್ಕಾಯರಾಗುವವರು, ಎಂದು ಹೇಳಿ ಪುಸ್ತಕ ಮುಚ್ಚಿದರು. ನಮ್ಮ ಕಡೆ ಸುಂಕದಕಟ್ಟೆ ಎಂಬ ಊರೇ ಇರುವುದರಿಂದ ಹಿಂದಿನ ಸಾಲಿನ ಹುಡುಗರು ನಕ್ಕರು. ನಾನು ನಗಲಿಲ್ಲ.

ಮಾಸ್ಟ್ರ ಈ ಕಟ್ಟುನಿಟ್ಟಿಗೆ ಒಂದು ಹಿನ್ನೆಲೆಯಿತ್ತು. ಅವರ ಅಜ್ಜ ಕಳ್ಳು ಇಳಿಸುವವರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ದೀಕ್ಷಾಸ್ನಾನ ಪಡೆದವರಲ್ಲಿ ಬಿಲ್ಲವರೇ ಹೆಚ್ಚು, ಮತ್ತು ಕ್ರೈಸ್ತ ಸಭೆಗೆ ಸೇರಿದವನು ಆ ಕಸುಬನ್ನು ಬಿಡಬೇಕಾಗಿತ್ತು. ಜಾತಿಯವರು ಹೊರಗಿಟ್ಟರು, ಕೈಯಲ್ಲಿದ್ದ ಕಸುಬು ಹೋಯಿತು, ಮಳೆಗಾಲಕ್ಕೆ ಮನೆಯಲ್ಲಿ ಅಕ್ಕಿಯ ಮುಡಿ ಇಲ್ಲ. ಇಂಥವರ ಹೊಟ್ಟೆಪಾಡಿಗಾಗಿಯೇ ಮಿಷನ್ನು ಮೊದಲು ಮಗ್ಗಗಳನ್ನು ಹಾಕಿತು, 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಮಂಗಳೂರು ಹಂಚಿನ ಹೆಸರನ್ನು ಲೋಕವೇ ಬಲ್ಲದು, ಅದರ ಹಿಂದಿನ ಈ ಹಸಿವನ್ನು ಬಲ್ಲವರು ಕಡಿಮೆ. ಧಣಿಯೂ ಮಿಷನ್ನಿನವರೇ ಪಾದ್ರಿ ಅಯ್ಯನವರೂ ಅವರೇ ಆದಲ್ಲಿ ಕೂಲಿಯವನ ಪಾಡೇನು ಎಂಬ ಪ್ರಶ್ನೆಯೂ ಇದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ನಂಬಿಕೆಯ ಬೆಲೆಯನ್ನು ಕಸುಬಿನಲ್ಲಿ ತೆತ್ತವರ ಮೊಮ್ಮಗನಿಗೆ ಉಗ್ರಾಣದ ನೂರು ಗ್ರಾಂ ಸಣ್ಣ ವಿಷಯವಾಗಿ ಕಾಣದಿದ್ದದ್ದು ನನಗೀಗ ಅರ್ಥವಾಗುತ್ತದೆ.

ಬೋರ್ಡಿಂಗಿನ ತೂಕದ ಕಲ್ಲುಗಳಿಗೆ ಮುದ್ರೆ ಹಾಕಿಸಲು ಮಾಸ್ಟ್ರು ನನ್ನನ್ನು ತೂಕ ಮತ್ತು ಅಳತೆ ಇಲಾಖೆಯವರ ಬಳಿಗೆ ಕರೆದೊಯ್ಯುತ್ತಿದ್ದರು. ಎರಕದ ಕಬ್ಬಿಣದ ಆ ಕಲ್ಲುಗಳ ಅಡಿಯಲ್ಲಿ ಒಂದು ಕುಳಿ, ಕುಳಿಯಲ್ಲಿ ಸೀಸ. ಇನ್ಸ್‌ಪೆಕ್ಟರು ತಮ್ಮ ಮಾದರಿ ತೂಕದೊಂದಿಗೆ ಹೋಲಿಸಿ ನೋಡಿ, ಸರಿಯಿದ್ದರೆ ಆ ಸೀಸದ ಮೇಲೆ ಅಚ್ಚಿಟ್ಟು ಸುತ್ತಿಗೆಯಿಂದ ಒಂದೇ ಏಟು ಹೊಡೆಯುತ್ತಿದ್ದರು. ಮೆಟ್ರಿಕ್ ತೂಕಗಳು 1958ರಲ್ಲಿಯೇ ಜಾರಿಗೆ ಬಂದಿದ್ದರೂ ನಮ್ಮ ಮನೆಗಳಲ್ಲಿ ಇನ್ನೂ ಸೇರು, ಪಾವಿನ ಮಾತೇ ಇದ್ದ ಕಾಲ ಅದು. ಆ ಏಟಿನ ಸದ್ದು ನನಗೆ ಹಿಡಿಸಿತು. 1982ರಲ್ಲಿ ನಾನು ಅದೇ ಇಲಾಖೆಗೆ ಸೇರಿ, 2017ರವರೆಗೆ ಅದೇ ಸುತ್ತಿಗೆ ಹಿಡಿದೆ.

ಇಲಾಖೆಯಲ್ಲಿ ಲಂಚ ಬೇಡವೆಂದು ಹೇಳುವುದು ನನಗೆ ಅಷ್ಟೇನೂ ಕಷ್ಟವಾಗಲಿಲ್ಲ. ಎರಡು ಮೂರು ವರ್ಗಾವಣೆಗಳಾದ ಮೇಲೆ ಕೊಡುವವರೇ ನಿಲ್ಲಿಸುತ್ತಾರೆ. ನಾನು ಎಡವಿದ್ದು ಬೇರೆ ಕಡೆ. ಘಟ್ಟದ ಮೇಲಿನ ಒಂದು ತಾಲೂಕಿನಲ್ಲಿದ್ದಾಗ ವಾರದ ಸಂತೆಯ ತಪಾಸಣೆಗೆ ಹೋಗಿದ್ದೆ. ಬೆಳಿಗ್ಗೆಯೇ ಒಣಮೀನು ಮಾರುವ ಒಬ್ಬ ಹೆಂಗಸು ಹೊಳೆಯ ಕಲ್ಲನ್ನೇ ತೂಕಕ್ಕೆ ಇಟ್ಟುಕೊಂಡದ್ದನ್ನು ಕಂಡು, ಅದನ್ನು ಜಪ್ತಿ ಮಾಡಿ ಕೇಸು ಬರೆದೆ. ಮಧ್ಯಾಹ್ನ ಒಂದು ದಿನಸಿ ಅಂಗಡಿಯಲ್ಲಿ ಒಂದು ಕಿಲೋ ಕಲ್ಲನ್ನು ಮಗುಚಿದರೆ ಅಡಿಯ ಸೀಸವನ್ನು ಕೆರೆದು ತೆಗೆದಿತ್ತು. ನಲವತ್ತು ಗ್ರಾಂ ಕಡಿಮೆ. ಅಂಗಡಿಯವರು ನಮ್ಮ ಸಭೆಯವರು, ನನಗಿಂತ ಹಿರಿಯರು, ಬಾಡಿಗೆಮನೆ ಸಿಗದಿದ್ದಾಗ ತಮ್ಮ ಮನೆಯಲ್ಲಿ ಜಾಗ ಕೊಟ್ಟವರು. "ಮುಂದಿನ ಸಲ ಹೀಗಾಗಬಾರದು" ಎಂದು ಹೇಳಿ, ಅವರು ಕೊಟ್ಟ ಚಹಾ ಕುಡಿದು ಹೊರಬಂದೆ.

ಆ ಭಾನುವಾರ ಚರ್ಚಿನಲ್ಲಿ ಕರ್ತರ ರಾತ್ರಿಭೋಜನ, ಎಂದರೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ, ಇತ್ತು. ನಲವತ್ತು ಮನೆಗಳ ಪುಟ್ಟ ಸಭೆ. ಯಾರು ಎದ್ದರು, ಯಾರು ಏಳಲಿಲ್ಲ ಎಂಬುದು ಎಲ್ಲರಿಗೂ ಕಾಣುತ್ತದೆ. ಆ ಅಂಗಡಿಯವರು ಎದ್ದು ಮುಂದೆ ಹೋಗಿ ಮೊಣಕಾಲೂರಿದರು. ನಾನು ಬೆಂಚಿನಲ್ಲಿಯೇ ಉಳಿದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗು ಎಂಬ ಯೇಸುವಿನ ಮಾತು ನೆನಪಿಗೆ ಬಂತು ಎಂದು ಬರೆದರೆ ಚೆನ್ನಾಗಿ ಕಾಣಬಹುದು, ಆದರೆ ನಿಜವಾಗಿ ನನ್ನ ಕಣ್ಣ ಮುಂದೆ ಬಂದದ್ದು ಆ ಜಮೆಯ ಅಂಕಣ. ಸೋಮವಾರ ಹೋಗಿ ಕಲ್ಲನ್ನು ಜಪ್ತಿ ಮಾಡಿದೆ. ಅವರು ಕೋರ್ಟಿಗೆ ಹೋಗದೆ ಕೇಸು ಮುಗಿಸುವ ರಾಜಿ ಶುಲ್ಕ ಕಟ್ಟಿದರು. ನಾನು ಆ ಊರು ಬಿಡುವವರೆಗೂ ನನ್ನೊಂದಿಗೆ ಮಾತನಾಡಲಿಲ್ಲ. ಅವರ ಕಡೆಯಿಂದ ನೋಡಿದರೆ ಚಹಾ ಕುಡಿದು ಹೋದವನು ಮೂರನೆಯ ದಿನಕ್ಕೆ ಕೇಸು ಬರೆದದ್ದು ದ್ರೋಹವೇ.

ಒಣಮೀನಿನ ಹೆಂಗಸು ಮೂರು ವಾರಗಳ ನಂತರ ಸಿಕ್ಕಿದಳು. ಅವಳ ಮೇಲಿನ ಕೇಸು ಕಾನೂನಿನ ಪ್ರಕಾರ ಸರಿಯಾಗಿಯೇ ಇದ್ದುದರಿಂದ ದಂಡವನ್ನು ಹಿಂದಿರುಗಿಸಲು ದಾರಿಯಿರಲಿಲ್ಲ. ಮುದ್ರೆ ಹಾಕಿದ ತೂಕಗಳು ಎಲ್ಲಿ ಸಿಗುತ್ತವೆ, ಎಷ್ಟಾಗುತ್ತದೆ, ಎರಡು ವರ್ಷಕ್ಕೊಮ್ಮೆ ಯಾವ ದಿನ ತರಬೇಕು ಎಂದು ಅವಳ ಬುಟ್ಟಿಯ ಪಕ್ಕದಲ್ಲಿ ಕೂತು ವಿವರಿಸಿದೆ. "ಇದನ್ನ ಅವತ್ತೇ ಹೇಳಬಾರದಿತ್ತಾ ಸ್ವಾಮಿ?" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಹೊಸ ತಾಲೂಕಿಗೆ ಹೋದಾಗ ಮೊದಲ ತಿಂಗಳು ಸಂತೆಗಳಲ್ಲಿ ಕೇಸು ಬರೆಯದೆ, ಹೀಗೆ ಹೇಳುತ್ತಾ ತಿರುಗುವುದನ್ನು ರೂಢಿ ಮಾಡಿಕೊಂಡೆ. ಮೇಲಧಿಕಾರಿಗಳಿಗೆ ಅದು ಮೈಗಳ್ಳತನವಾಗಿ ಕಂಡಿತು.

ಕಳೆದ ವರ್ಷ ಹಳೆಯ ವಿದ್ಯಾರ್ಥಿಗಳ ಕೂಟಕ್ಕೆ ಬಂದಾಗ ಉಗ್ರಾಣಕ್ಕೂ ಹೋಗಿದ್ದೆ. ಆ ಕಾಲದ ಸ್ಟಾಕ್ ಪುಸ್ತಕಗಳನ್ನು ಗೆದ್ದಲು ತಿಂದು ಬಹಳ ವರ್ಷಗಳಾದವಂತೆ. ಜಂತಿಯ ಕೊಂಡಿ ಮಾತ್ರ ಹಾಗೆಯೇ ಇದೆ, ಅದಕ್ಕೀಗ ಬಾಳೆಗೊನೆ ತೂಗುಹಾಕುತ್ತಾರೆ. ಕೆಳಗೆ ಒಂದು ಎಲೆಕ್ಟ್ರಾನಿಕ್ ತಕ್ಕಡಿಯಿತ್ತು. ಬೀಗದ ಕೈ ಹಿಡಿದು ನಿಂತಿದ್ದ ಒಂಬತ್ತನೆಯ ತರಗತಿಯ ಹುಡುಗ, ನಾನು ಅದನ್ನು ಮಗುಚಿ ನೋಡುವುದನ್ನು ಕಂಡು, "ಏನು ಹುಡುಕ್ತಿದ್ದೀರಿ ಅಂಕಲ್?" ಎಂದು ಕೇಳಿದ. ಮುದ್ರೆ ಎಂದೆ. ಮುದ್ರೆ ಇತ್ತು. ಎಲೆಕ್ಟ್ರಾನಿಕ್ ತಕ್ಕಡಿಗೆ ಹನ್ನೆರಡು ತಿಂಗಳ ಅವಧಿ ಮಾತ್ರ, ಮಾರ್ಚಿಗೆ ಮುಗಿಯುತ್ತದೆ ಎಂದು ಈಗಿನ ವಾರ್ಡನ್ನರಿಗೆ ಒಂದು ಚೀಟಿ ಬರೆದಿಟ್ಟು ಬಂದಿದ್ದೇನೆ.