ಪಿಟ್‌ಕೇರ್ನ್‌ವರೆಗೆ ಹೋಗಿ ಇಳಿಯದೇ ಬಂದದ್ದಾ?

"ಎಂತ ಮಾರಾಯ್ತಿ, ಅಷ್ಟು ದುಡ್ಡು ಕೊಟ್ಟು ಹೋಗಿ ಇಳಿಯದೇ ಬಂದದ್ದಾ?"

ಮೊದಲು ಕೇಳಿದ್ದು ಮಂಗಳೂರಿನ ಚಿಕ್ಕಮ್ಮ. ಆಮೇಲೆ ಆಫೀಸಿನವರು, ಪಕ್ಕದ ಮನೆಯವರು, ಮದುವೆ ಊಟದ ಪಂಕ್ತಿಯಲ್ಲಿ ಸಿಕ್ಕವರು. ಒಮ್ಮೆ ಬರೆದೇ ಬಿಡುತ್ತೇನೆ.

ಹೋದದ್ದು ದಕ್ಷಿಣ ಪೆಸಿಫಿಕ್‌ಗೆ. ಈಸ್ಟರ್ ದ್ವೀಪದಲ್ಲಿ ಹಡಗು ಹತ್ತಿ ಡೂಸಿ, ಹೆಂಡರ್ಸನ್, ಪಿಟ್‌ಕೇರ್ನ್ ಎಂಬ ಸಣ್ಣ ದ್ವೀಪಗಳನ್ನು ನೋಡಿಕೊಂಡು ಟಹೀಟಿ ಕಡೆಗೆ. ಕ್ರೂಸ್ ಅಂದ ಕೂಡಲೇ ಈಜುಕೊಳ, ಕ್ಯಾಸಿನೊ ನೆನಪಾಗುತ್ತದೆ ಅಲ್ವಾ? ನಮ್ಮದು ನೂರು ಚಿಲ್ಲರೆ ಜನರ ಸಣ್ಣ ಹಡಗು. ಈ ದ್ವೀಪಗಳಲ್ಲಿ ಹಡಗು ಕಟ್ಟುವಂಥ ಬಂದರಿಲ್ಲ. ದೂರದಲ್ಲೇ ನಿಂತು, ಜೋಡಿಯಾಕ್ ಎಂಬ ರಬ್ಬರ್ ದೋಣಿಗೆ ಸುಮಾರು ಹತ್ತು ಜನರಂತೆ ಇಳಿಸುತ್ತಾರೆ. ಇಳಿಯುವಾಗ ದೋಣಿಯವನ ಬೆರಳು ಹಿಡಿಯಬಾರದು, ಮಣಿಕಟ್ಟು ಹಿಡಿಯಬೇಕು. ಬೆರಳಾದರೆ ಜಾರುತ್ತದೆ. ಅದಕ್ಕೂ ಮೊದಲು ಶೂ ತಳ ಉಜ್ಜಿ ತೊಳೆದು, ಬ್ಯಾಗಿನ ಮೂಲೆಯಲ್ಲಿ ಸಿಕ್ಕಿಕೊಂಡ ಹುಲ್ಲಿನ ಬೀಜವನ್ನೂ ಹೆಕ್ಕಿ ತೆಗೆಯಬೇಕು. ಹೊರಗಿನ ಒಂದು ಕಳೆ ಸಾಕು, ಸಣ್ಣ ದ್ವೀಪ ಹಾಳಾಗಲು.

ಡೂಸಿ ಅಪ್ಪಟ ಹವಳದ ಉಂಗುರ. ಜನವಿಲ್ಲ. ಜಗತ್ತಿನ ಮರ್ಫಿ ಪೆಟ್ರೆಲ್ ಹಕ್ಕಿಗಳಲ್ಲಿ ಮುಕ್ಕಾಲಿಗಿಂತ ಜಾಸ್ತಿ ಇಲ್ಲೇ ಮರಿ ಮಾಡುತ್ತವೆ. ಹೆಂಡರ್ಸನ್‌ನಲ್ಲೂ ಯಾರೂ ಇಲ್ಲ, ಆದರೆ ದಡದ ತುಂಬ ಪ್ಲಾಸ್ಟಿಕ್. 2017ರಲ್ಲಿ ಬಂದ ಒಂದು ಅಧ್ಯಯನ ಅಲ್ಲಿ ಸುಮಾರು 3 ಕೋಟಿ 77 ಲಕ್ಷ ಚೂರುಗಳಿವೆ ಎಂದು ಅಂದಾಜು ಮಾಡಿತ್ತು. ಎರಡೂ ಕಡೆ ಇಳಿದೆವು. ಸೊಂಟದವರೆಗೆ ಒದ್ದೆಯಾಗಿ, ಆದರೂ ಇಳಿದೆವು.

ಪಿಟ್‌ಕೇರ್ನ್‌ನಲ್ಲಿ ಆಗಲಿಲ್ಲ. ಬೆಳಿಗ್ಗೆ ತಂಡದ ಮುಖ್ಯಸ್ಥೆ ಒಂದು ದೋಣಿಯಲ್ಲಿ ಮೊದಲು ಹೋಗಿ ನೋಡಿ ಬಂದಳು. ಬೌಂಟಿ ಕೊಲ್ಲಿ ಹೆಸರಿಗೆ ಮಾತ್ರ ಕೊಲ್ಲಿ. ಅಲೆ ನೇರವಾಗಿ ಕಟ್ಟೆಗೆ ಬಡಿಯುತ್ತಿತ್ತು. ಮಧ್ಯಾಹ್ನ ಮತ್ತೆ ನೋಡಿದರು. ಇಲ್ಲ. ಅಲ್ಲಿಗೆ ವಿಮಾನವೂ ಇಲ್ಲ, ಹಾಗಾಗಿ ಬೇರೆ ದಾರಿಯೇ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಅಳುವೇ ಬಂತು.

ಆದರೆ ಡೆಕ್ ಮೇಲೆ ನಿಂತು ಆ ಕಪ್ಪು ಬಂಡೆಗಳನ್ನು ನೋಡುತ್ತಾ ಇದ್ದಾಗ ಒಂದು ವಿಷಯ ತಲೆಗೆ ಹೋಯಿತು. 1789ರಲ್ಲಿ ಬ್ರಿಟಿಷ್ ನೌಕಾಪಡೆಯ ಬೌಂಟಿ ಹಡಗಿನಲ್ಲಿ ದಂಗೆ ಎದ್ದ ಫ್ಲೆಚರ್ ಕ್ರಿಶ್ಚಿಯನ್‌ಗೆ ಬೇಕಾಗಿದ್ದದ್ದು ಇಂಥ ಜಾಗವೇ. ಸಿಕ್ಕಿಬಿದ್ದರೆ ನೇಣು. 1767ರಲ್ಲಿ ಈ ದ್ವೀಪ ಕಂಡ ಬ್ರಿಟಿಷ್ ಕ್ಯಾಪ್ಟನ್ ಕಾರ್ಟರೆಟ್ ನಕ್ಷೆಯಲ್ಲಿ ಅದನ್ನು ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಗುರುತಿಸಿಬಿಟ್ಟಿದ್ದ. ಸಾಲದ್ದಕ್ಕೆ ದಡಕ್ಕೆ ಇಳಿಯುವುದೂ ಕಷ್ಟ. ಕ್ರಿಶ್ಚಿಯನ್‌ನ ಗುಂಪು ಟಹೀಟಿಯ ಹೆಂಗಸರು, ಗಂಡಸರ ಜೊತೆ ಬಂದು 1790ರ ಜನವರಿಯಲ್ಲಿ ಹಡಗನ್ನೇ ಸುಟ್ಟುಹಾಕಿತು. 1808ರಲ್ಲಿ ಒಂದು ಅಮೆರಿಕನ್ ಹಡಗು ಬರುವವರೆಗೆ ಹೊರಗಿನ ಯಾರಿಗೂ ಸುಳಿವಿಲ್ಲ. ಅಷ್ಟರಲ್ಲಿ ದಂಗೆಕೋರರಲ್ಲಿ ಉಳಿದಿದ್ದವನು ಒಬ್ಬನೇ. ಅವರನ್ನು ಹದಿನೆಂಟು ವರ್ಷ ಬಚ್ಚಿಟ್ಟ ಅದೇ ಕಡಲು ನನ್ನನ್ನೂ ತಡೆದಿತ್ತು. ಸಲೀಸಾಗಿ ಇಳಿದಿದ್ದರೆ ಫೋಟೊ ಹೊಡೆದುಕೊಂಡು ಬರುತ್ತಿದ್ದೆ, ಇದು ಹೊಳೆಯುತ್ತಲೇ ಇರಲಿಲ್ಲ.

ಆಮೇಲೆ ದ್ವೀಪದವರೇ ಬಂದರು! ಊರಿನ ಜನಸಂಖ್ಯೆಯೇ ಐವತ್ತರ ಆಸುಪಾಸು. ಅದರಲ್ಲಿ ಒಂದಷ್ಟು ಜನ ಉದ್ದನೆಯ ದೋಣಿಯಲ್ಲಿ ಅಲೆ ಸೀಳಿಕೊಂಡು ಬಂದು ಹಗ್ಗದ ಏಣಿ ಹತ್ತಿದರು. ಅದರಲ್ಲಿ ವಯಸ್ಸಾದವರೂ ಇದ್ದರು. ಹಡಗಿನ ಹಾಲ್‌ನಲ್ಲಿ ಸಂತೆಯೇ ನೆರೆಯಿತು. ಜೇನು, ಮಿರೊ ಮರದಲ್ಲಿ ಕೆತ್ತಿದ ಮೀನು, ಪಾಸ್‌ಪೋರ್ಟ್‌ಗೆ ಅವರ ಮುದ್ರೆ. ಹಾಗಾಗಿ ನನ್ನ ಪಾಸ್‌ಪೋರ್ಟ್ ಮಾತ್ರ ಪಿಟ್‌ಕೇರ್ನ್‌ಗೆ ಹೋಗಿ ಬಂದಿದೆ.

ದುಡ್ಡು ವಾಪಸ್ ಕೊಡಲಿಲ್ಲ. ಹವಾಮಾನ ನೋಡಿ ದಾರಿ ಬದಲಿಸಬಹುದು ಅಂತ ಟಿಕೆಟ್ಟಿನ ಷರತ್ತಿನಲ್ಲೇ ಇತ್ತು. ಹೋಗುವವರು ಅದನ್ನು ಓದಿಕೊಂಡು ಹೋಗಿ.

ಚಿಕ್ಕಮ್ಮನಿಗೆ ಇದೆಲ್ಲ ಹೇಳಿದೆ. ಅವರಿಗೆ ದಂಗೆಯಲ್ಲಿ ಆಸಕ್ತಿ ಇರಲಿಲ್ಲ. ಬೌಂಟಿ ಹಡಗು ಟಹೀಟಿಯಿಂದ ಸಾಗಿಸುತ್ತಿದ್ದದ್ದು ಜೀಗುಜ್ಜೆ (ಬ್ರೆಡ್‌ಫ್ರೂಟ್) ಸಸಿಗಳನ್ನು ಎಂದಾಗ ಮಾತ್ರ ಕಿವಿ ನೆಟ್ಟಗಾಯಿತು. ಪಿಟ್‌ಕೇರ್ನ್‌ನವರು ಎತ್ತರದ ಮರದಿಂದ ಜೀಗುಜ್ಜೆಯನ್ನು ಬಂದೂಕಿನಿಂದ ತೊಟ್ಟಿಗೆ ಹೊಡೆದು ಬೀಳಿಸುತ್ತಿದ್ದರು ಎಂದೂ ಹೇಳಿದೆ.

"ಪಾಪ," ಅಂದರು ಚಿಕ್ಕಮ್ಮ. "ಅವರಲ್ಲಿ ದೋಟಿ ಇಲ್ಲವಾ?"